ಎರಡನೆಯ ಬಿಂದಿಗೆ

ಹನ್ನೊಂದು ಕಥೆ ಬರೆದು ಹನ್ನೊಂದನ್ನೂ ವಾಪಸು ಪಡೆದಿದ್ದ ಪಂಕಜಾ, ಹನ್ನೆರಡನೆಯದನ್ನು ಅಂಚೆ ಡಬ್ಬಕ್ಕೆ ಹಾಕುವ ಮೊದಲು ಶಂಭುಲಿಂಗಪ್ಪನವರಿಗೆ ತೋರಿಸಿದಳಲ್ಲ, ಅದು ಅವಳ ಪುಣ್ಯ ಅನ್ನಬೇಕು. ಇಲ್ಲದಿದ್ದರೆ ಅದೂ ಉಳಿದವುಗಳ ಹಾಗೆ ಹದಿನೈದು ದಿನ ಊರು ಸುತ್ತಿಕೊಂಡು ಮನೆಗೆ ಬರುತ್ತಿತ್ತು.

ಎಂಬತ್ತನಾಲ್ಕನೆಯ ಇಸವಿ, ದೀಪಾವಳಿ ಕಳೆದಿತ್ತು. ರಾಜಾಜಿನಗರದಲ್ಲಿ ಹಿಟ್ಟಿನ ಗಿರಣಿಯ ಪಕ್ಕದ ಹತ್ತಡಿ ಅಂಗಡಿಯಲ್ಲಿ ಶಂಭುಲಿಂಗಪ್ಪನವರದು ಬಾಡಿಗೆ ಪುಸ್ತಕಗಳ ಲೈಬ್ರರಿ. ಗಿರಣಿಯ ಹಿಟ್ಟು ಹಾರಿ ಬಂದು ಕೂತು ಅಲ್ಲಿನ ಪತ್ತೇದಾರರಿಗೂ ಪ್ರೇಮಿಗಳಿಗೂ ತಲೆ ನರೆತುಹೋಗಿತ್ತು. ಅವರು ಪಂಕಜಾಳ ಹಾಳೆಗಳನ್ನು ಕೈಗೆತ್ತಿಕೊಂಡರು, ಮಗುಚಿದರು, ಮತ್ತೆ ಮಗುಚಿದರು, ಕನ್ನಡಕವನ್ನು ಹಣೆಗೇರಿಸಿದರು.

"ಇದೇನಮ್ಮ, ಎರಡೂ ಮಗ್ಗುಲಲ್ಲಿ ಬರ್ದಿದೀಯ?"

"ಹೌದು ಸಾರ್. ಪೇಪರ್ ದಂಡ ಆಗಬಾರದಲ್ಲ?"

"ಆ ಹನ್ನೊಂದನ್ನೂ ಹೀಗೇ ಕಳಿಸಿದ್ಯಾ?"

"ಹೌದು ಸಾರ್."

"ಅಯ್ಯೋ ನಿನ್ನ! ಹಾಳೆಯ ಒಂದೇ ಮಗ್ಗುಲಲ್ಲಿ ಬರೀರಿ ಅಂತ ಪತ್ರಿಕೆಯವರು ಬಡ್ಕೋತಾರಲ್ಲಮ್ಮ! ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸೋನು ಹಾಳೇನ ಮುಂದೆ ನಿಲ್ಲಿಸ್ಕೊಂಡು ಜೋಡಿಸ್ತಾನೆ. ಸಾಲುಸಾಲಿಗೂ ಮಗುಚ್ತಾ ಕೂರ್ತಾನಾ? ಅವ್ರು ನಿನ್ ಕಥೇನ ಓದೇ ಇಲ್ಲ ಕಣಮ್ಮ."

ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಅವಳ ಮನೆಯಲ್ಲಿ ಹಾಳೆಯ ಬೆನ್ನನ್ನು ಖಾಲಿ ಬಿಡುವುದು ತಟ್ಟೆಯಲ್ಲಿ ಅನ್ನ ಬಿಟ್ಟ ಹಾಗೆ. ಅವಳ ತಾಯಿ ಇಂದ್ರಮ್ಮ ಮದುವೆ ಕಾಗದಗಳ ಬೆನ್ನ ಮೇಲೆ ಸಾಮಾನಿನ ಪಟ್ಟಿ ಬರೆಯುವವಳು. ಕ್ಯಾಲೆಂಡರಿನ ಹಳೇ ತಿಂಗಳುಗಳ ಹಿಂದೆಯೇ ಪಂಕಜಾ ಎಸ್ಸೆಸ್ಸೆಲ್ಸಿಯ ಲೆಕ್ಕವನ್ನೆಲ್ಲ ಮಾಡಿದ್ದಳು. ಆದರೆ ಮನೆಗೆ ನಡೆಯುತ್ತ ನಡೆಯುತ್ತ ಅವಳಿಗೆ ಒಳಗೊಳಗೇ ಖುಷಿಯಾಗತೊಡಗಿತು. ನಾಲ್ಕು ವರ್ಷದಿಂದ ತನ್ನ ಕಥೆಗಳನ್ನು ಯಾರೋ ಓದಿ ಛೀ ಅನ್ನುತ್ತಿದ್ದಾರೆ ಅಂದುಕೊಂಡಿದ್ದಳು, ಪಾಪ. ಯಾರೂ ಓದಿಯೇ ಇರಲಿಲ್ಲ!

ಖುಷಿಪಡುವುದಕ್ಕೂ ಹೆಚ್ಚು ಸಮಯವಿರಲಿಲ್ಲ. ಅವಳಿಗೆ ಇಪ್ಪತ್ತನಾಲ್ಕು. ಇಂಡಸ್ಟ್ರಿಯಲ್ ಟೌನಿನ ಸಣ್ಣ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ದಿನವೆಲ್ಲ ಸುತ್ತು ಎಣಿಸಿ ಬಂದವಳು ಸಂಜೆ ಮತ್ತೆ ಕತ್ತು ಬಗ್ಗಿಸಿಕೊಂಡು ಬರೆಯುವುದನ್ನು ನೋಡಿ ಇಂದ್ರಮ್ಮನಿಗೆ ಸಂಕಟವಾಗುತ್ತಿತ್ತು. "ಯುಗಾದಿ ತನಕ ಕಣೇ ಪಂಕಜಾ. ಅಷ್ಟರೊಳಗೆ ಒಂದಾದ್ರೂ ಅಚ್ಚಾಗ್ತದೆ ಅಂದ್ರೆ ಸರಿ, ನಾನೇ ನಿಂಗೆ ಪೇಪರ್ ತಂದ್ಕೊಡ್ತೀನಿ. ಇಲ್ಲಾಂದ್ರೆ ಇದನ್ನೆಲ್ಲ ರದ್ದಿಗೆ ಹಾಕಿ ಹೊಲಿಗೆ ಕ್ಲಾಸಿಗೆ ಸೇರ್ತೀಯ," ಅಂದಿದ್ದಳು. ಪಂಕಜಾ ತಾಯಿಯ ಕೈಮುಟ್ಟಿ ಒಪ್ಪಿಕೊಂಡಿದ್ದಳು. ಯುಗಾದಿಗೆ ಇನ್ನು ಐದೇ ತಿಂಗಳು.

ಈಗ ಶಂಭುಲಿಂಗಪ್ಪನವರ ಲೈಬ್ರರಿಯ ಒಂದು ಪದ್ಧತಿ ಹೇಳಬೇಕು. ಪದ್ಧತಿ ಅಂದರೆ ಅವರು ಮಾಡಿದ್ದಲ್ಲ, ಓದುಗರು ತಾವೇ ಮಾಡಿಕೊಂಡದ್ದು. ಪುಸ್ತಕ ಒಯ್ದವರು ಓದುತ್ತ ಓದುತ್ತ ಅಂಚಿನಲ್ಲಿ ಪೆನ್ಸಿಲಿನಿಂದ ತಮಗೆ ತೋಚಿದ್ದು ಗೀಚುತ್ತಿದ್ದರು. 'ಇವನನ್ನು ಮದುವೆಯಾಗಬೇಡ ಕಣೇ!' ಅಂತ ಒಬ್ಬರು. ಅದರ ಕೆಳಗೆ 'ಆಗುತ್ತಾಳೆ, ೧೪೦ನೇ ಪುಟ ನೋಡಿ' ಅಂತ ಇನ್ನೊಬ್ಬರು. ಶಂಭುಲಿಂಗಪ್ಪನವರು ಓದುಗರನ್ನು ಬಾಯ್ತುಂಬ ಬೈಯುತ್ತಿದ್ದರು, ಆದರೆ ಒಂದು ಗೆರೆಯನ್ನೂ ಅಳಿಸುತ್ತಿರಲಿಲ್ಲ. ವಾರಪತ್ರಿಕೆಗಳ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದು, ಕ್ಯಾಲಿಕೋ ಬಟ್ಟೆಯ ರಟ್ಟು ಅಂಟಿಸಿ ಪುಸ್ತಕ ಮಾಡುವುದೂ ಅವರೇ.

"ಒಂದು ಕೆಲ್ಸ ಮಾಡು," ಅಂದರು ಪಂಕಜಾಳಿಗೆ. "ನಾಲ್ಕು ಕಥೇನ ಒಂದೇ ಮಗ್ಗುಲಲ್ಲಿ ನೀಟಾಗಿ ಬರ್ಕೊಂಡ್ ಬಾ. ನಾನು ಬೈಂಡ್ ಮಾಡಿ ನಂಬರ್ ಹಾಕಿ ಬಾಡಿಗೆಗೆ ಬಿಡ್ತೀನಿ. ನಿನ್ ಹೆಸ್ರು ಬೇಡ."

"ಹೆಸ್ರು ಯಾಕೆ ಬೇಡ ಸಾರ್?"

"ಹೆಸ್ರು ಹಾಕಿದ್ರೆ, ಪಾಪ ನಮ್ಮ ಪಂಕಜಾ ಅಂತ ಎಲ್ರೂ ಹೊಗಳ್ತಾರೆ. ಹೊಗಳಿಸ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀಯ?"

ಹಾಗೆ '೬೧೨, ಹೊಸ ಕಥೆಗಳು' ಅನ್ನುವ ಕೈಬರಹದ ಪುಸ್ತಕ ರಾಜಾಜಿನಗರದ ಮನೆಮನೆಗೆ ಹೊರಟಿತು. ಅದರಲ್ಲಿ ಪ್ರತಿ ಕಥೆಯ ಹಾಳೆಗೂ ಎದುರಾಗಿ ಒಂದು ಖಾಲಿ ಮಗ್ಗುಲು ಇತ್ತಲ್ಲ, ಅಷ್ಟು ಜಾಗ ಸಿಕ್ಕರೆ ನಮ್ಮ ಓದುಗರು ಬಿಡುತ್ತಾರೆಯೇ? ಒಂದು ತಿಂಗಳಿಗೆ ಪುಸ್ತಕ ತಿರುಗಿ ಬಂದಾಗ ಕಥೆಗಿಂತ ಪೆನ್ಸಿಲೇ ಹೆಚ್ಚಾಗಿತ್ತು. ಪಂಕಜಾ ಲೈಬ್ರರಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಓದಿದಳು. 'ಚೆನ್ನಾಗಿದೆ.' 'ಅಕ್ಷರ ಮುದ್ದಾಗಿದೆ.' 'ನಾಯಕಿಗೆ ಬುದ್ಧಿ ಇಲ್ಲ.' ಇವುಗಳ ನಡುವೆ ಒಂದು ಗುಂಡಗಿನ, ಒತ್ತಿ ಬರೆದ ಕೈಯಿತ್ತು. ಅದು ಒಂದೇ ಥರದ ಮಾತು ಬರೆದಿತ್ತು.

'ಮಧ್ಯಾಹ್ನ ಊಟವಾದ ಮೇಲೆ ಮನೆಯವರಿಗೆ ಓದಿ ಹೇಳುತ್ತಿದ್ದೆ. ಇಲ್ಲಿಗೆ ನಿದ್ದೆ ಹೋದರು.'

ನಾಲ್ಕು ಕಥೆಗೂ ಅಷ್ಟೇ. ಒಂದರಲ್ಲಿ ಎರಡನೇ ಹಾಳೆಗೆ, ಇನ್ನೊಂದರಲ್ಲಿ ಆರನೆಯದಕ್ಕೆ. ಚಂದ್ರನ ವರ್ಣನೆ ಇದ್ದ ಕಥೆಯಲ್ಲಂತೂ ಮೊದಲ ಹಾಳೆಯ ಅರ್ಧಕ್ಕೇ 'ಗೊರಕೆ' ಅಂತ ಬರೆದು ಕೆಳಗೆ ಗೆರೆ ಎಳೆದಿತ್ತು.

ಪಂಕಜಾ ಕೆಂಡವಾದಳು. "ಇದು ಯಾರು ಸಾರ್?"

"ಓದೋರ ಹೆಸ್ರು ನಾನು ಹೇಳಲ್ಲ. ಡಾಕ್ಟ್ರು ಕಾಯಿಲೆ ಹೇಳ್ತಾರಾ?" ಅಂದರು ಶಂಭುಲಿಂಗಪ್ಪ. "ಸಿಟ್ಟು ಮಾಡ್ಕೊಳ್ಳೋ ಮುಂಚೆ, ಅವ್ರ ಮನೆಯವರು ಎಲ್ಲೆಲ್ಲಿ ಮಲಗಿದ್ರು ಅಂತ ಇನ್ನೊಂದ್ಸಲ ನೋಡು."

ನೋಡಿದಳು. ಅಲ್ಲೆಲ್ಲ ಕಥೆಯ ಜನ ಸುಮ್ಮನಾಗಿದ್ದರು, ಪಂಕಜಾ ಒಬ್ಬಳೇ ಮಾತಾಡುತ್ತಿದ್ದಳು. ಎಲ್ಲೋ ದೂರದಲ್ಲಿ ಮಲಗಿದ್ದ ಯಾರೋ ಯಜಮಾನರು ಅವಳಿಗೆ ಕಥೆ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಆ ಗುಂಡಗಿನ ಕೈಗೆ ಅವಳು ಪೆನ್ಸಿಲಮ್ಮ ಅಂತ ಹೆಸರಿಟ್ಟಳು. ಬಸವೇಶ್ವರನಗರದ ಕಡೆಯ ಯಾರೋ ಆಫೀಸರ ಹೆಂಡತಿ, ಬಿ.ಎ. ಓದಿರಬೇಕು, ಸೋಫಾದ ಮೇಲೆ ಕಾಲು ಚಾಚಿ ಕೂತಿರಬೇಕು ಅಂತ ಕಲ್ಪಿಸಿಕೊಂಡಳು. ಆ ಪೆನ್ಸಿಲಮ್ಮನ ಗಂಡನನ್ನು ಎಚ್ಚರವಾಗಿಡುವುದೇ ಅವಳ ಹಟವಾಯಿತು. ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಚಂದ್ರನನ್ನು ತೆಗೆದುಹಾಕಿದಳು. ಸಂಕ್ರಾಂತಿಯ ಹೊತ್ತಿಗೆ ನಿದ್ದೆ ಎಂಟನೇ ಹಾಳೆಗೆ ಸರಿದಿತ್ತು.

ಆಮೇಲೆ ಅವಳು 'ನಲ್ಲಿ ರಾಣಿ' ಬರೆದಳು.

ಅವಳಿದ್ದ ವಠಾರದಲ್ಲಿ ಏಳು ಮನೆ, ಒಂದು ನಲ್ಲಿ. ಬೆಳಗಿನ ಜಾವ ಐದಕ್ಕೆ ಬರುವ ನೀರು ಆರಕ್ಕೆಲ್ಲ ಮುನಿಸಿಕೊಂಡು ಹೋಗಿಬಿಡುತ್ತಿತ್ತು. ಆ ಒಂದು ಗಂಟೆ ವಠಾರವನ್ನು ಆಳುತ್ತಿದ್ದವಳು ಮುಂದಿನ ಮನೆಯ ಗಂಗಲಕ್ಷ್ಮಮ್ಮ. ಬಿಂದಿಗೆ ಸಾಲಿನಲ್ಲಿ ಒಂದಂಗುಲ ಆಚೀಚೆ ಆದರೂ ಬಾಯಿ ತೆಗೆದುಬಿಡುತ್ತಿದ್ದಳು. ಅಬ್ಬಬ್ಬಾ, ಅದೇನು ಗಂಟಲು! ಗಂಡ ದೊಡ್ಡಣ್ಣ ಬಟ್ಟೆ ಗಿರಣಿಯಿಂದ ನಿವೃತ್ತನಾದ ಸಾಧು ಮನುಷ್ಯ. ದಪ್ಪ ಕನ್ನಡಕ ಹಾಕಿಕೊಂಡು ಸಂಜೆ ಮೆಲ್ಲಗೆ ಲೈಬ್ರರಿಗೆ ಹೋಗಿ ಪುಸ್ತಕ ತರುತ್ತಿದ್ದ. "ಪುಸ್ತಕ ಓದಿದ್ರೆ ಬಿಂದಿಗೆ ತುಂಬ್ತದಾ?" ಅಂತ ಹೆಂಡತಿ ಎಲ್ಲರ ಎದುರಿಗೇ ಹಂಗಿಸುತ್ತಿದ್ದಳು. ಇಂಥ ಗಯ್ಯಾಳಿಯ ಕೈಯಲ್ಲಿ ಆ ಓದುವ ಮನುಷ್ಯ ಹೇಗೆ ಸಿಕ್ಕಿಕೊಂಡನಪ್ಪಾ ಅಂತ ಪಂಕಜಾಳಿಗೆ ಮರುಕ.

ಅವಳ ಮನೆಯ ಕಿಟಕಿ ಸರಿಯಾಗಿ ನಲ್ಲಿಯ ಕಡೆಗೇ ಇತ್ತು. ಕಂಡದ್ದನ್ನೆಲ್ಲ ಉಪ್ಪುಖಾರ ಹಚ್ಚಿ ಬರೆದಳು. ಹೆಸರು ಬದಲಾಯಿಸಿದಳು, ಗಂಟಲು ಮಾತ್ರ ಹಾಗೇ ಇಟ್ಟಳು. ಪುಸ್ತಕ ಹೋಗಿ ಬಂತು. ಓದುಗರು ಬಿದ್ದು ಬಿದ್ದು ನಕ್ಕಿದ್ದರು. 'ನಮ್ಮ ವಠಾರದಲ್ಲೂ ಒಬ್ಬಳಿದ್ದಾಳೆ!' 'ಇನ್ನೂ ನಾಲ್ಕು ಬಾರಿಸಬೇಕಿತ್ತು.'

"ಇದನ್ನ ಕಳ್ಸಿಬಿಡು," ಅಂದರು ಶಂಭುಲಿಂಗಪ್ಪ. "ಇದು ಅಚ್ಚಾಗ್ತದೆ, ನೀನು ಬರ್ದಿಟ್ಕೋ. ಯುಗಾದಿಗೆ ಒಂದೂವರೆ ತಿಂಗ್ಳಷ್ಟೇ ಇದೆ."

ಲಕೋಟೆ ತಂದಳು, ವಿಳಾಸ ಬರೆದಳು, ವಾಪಸಾತಿಗೆ ಅಂಚೆಚೀಟಿಯನ್ನೂ ಇಟ್ಟಳು. ಅಂಟು ಹಚ್ಚುವ ಮೊದಲು ಪೆನ್ಸಿಲಮ್ಮ ಏನು ಬರೆದಿದ್ದಾಳೆ ಅಂತ ಹುಡುಕಿ ನೋಡಿದಳು. ಹತ್ತನೇ ಹಾಳೆಯ ಎದುರಿಗೆ, ಕಥೆ ಮುಗಿದ ಜಾಗದಲ್ಲಿ ಇತ್ತು.

'ಮನೆಯವರು ಕೊನೆತನಕ ಎಚ್ಚರವಾಗಿದ್ದರು, ನಕ್ಕರು. ನನಗೆ ನಗು ಬರಲಿಲ್ಲ. ಈ ಹೆಂಗಸು ಎಲ್ಲರಿಗಿಂತ ಮುಂಚೆ ಎದ್ದು ಏನು ಮಾಡುತ್ತಾಳೆ ಅಂತ ಬರೆದವರು ಒಂದು ದಿನವಾದರೂ ನೋಡಿದ್ದಾರೆಯೇ? ಅಥವಾ ಅವರೂ ಮಲಗಿದ್ದರೇ?'

ಪಂಕಜಾಳ ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. 'ಈ ಪೆನ್ಸಿಲಮ್ಮನಿಗೇನು, ಸೋಫಾದ ಮೇಲೆ ಕೂತು ಏನು ಬೇಕಾದರೂ ಬರೀತಾಳೆ,' ಅಂತ ಬೈದುಕೊಂಡಳು. ಕಳಿಸಿಯೇಬಿಡುತ್ತೇನೆ ಅಂತ ಅಂಟಿನ ಬಾಟಲಿ ತೆಗೆದಳು. ಆದರೆ ಆ ಪ್ರಶ್ನೆ ಸರಿಯಾಗಿತ್ತು, ಏನು ಮಾಡೋಣ? ಅವಳು ಏಳುತ್ತಿದ್ದುದೇ ಗಂಗಲಕ್ಷ್ಮಮ್ಮನ ಕೂಗಿಗೆ. ಕೂಗಿನ ಮೊದಲು ಏನಾಗುತ್ತದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಲಕೋಟೆಯನ್ನು ಟ್ರಂಕಿನೊಳಗೆ ಹಾಕಿ ಬೀಗ ಜಡಿದಳು.

ಮರುದಿನ ನೀರು ಬರುವ ಮೊದಲೇ ಎದ್ದು ಕಿಟಕಿಯ ಹಿಂದೆ ಕೂತಳು. ಗಂಗಲಕ್ಷ್ಮಮ್ಮ ಬರಿಗಾಲಲ್ಲಿ ಬಂದು ನಲ್ಲಿಗೆ ಕಿವಿಯಿಟ್ಟು ನಿಂತಳು. ಗಾಳಿ ಬುಸ್ಸೆಂದಿತು, ನೀರು ಬಂತು. ಮೊದಲ ಬಿಂದಿಗೆ ತುಂಬಿಸಿ ಸೊಂಟಕ್ಕೇರಿಸಿ ಅವಳು ತನ್ನ ಮನೆಗೆ ಹೋಗಲಿಲ್ಲ, ಹಿಂದಕ್ಕೆ ನಡೆದಳು. ವಠಾರದ ಕೊನೇ ಮನೆಯಲ್ಲಿ ಮಂಡಿನೋವಿನಿಂದ ಏಳಲಾಗದ ನರಸಮ್ಮ ಅನ್ನುವ ಮುದುಕಿ ಒಬ್ಬಳೇ ಇದ್ದಳು. ಅವಳ ಹೊಸಲ ಮೇಲೆ ಬಿಂದಿಗೆ ಇಳಿಸಿ, ಖಾಲಿಯದನ್ನು ಎತ್ತಿಕೊಂಡು ಬಂದು ಎರಡನೆಯದನ್ನೂ ತುಂಬಿಸಿ ಇಟ್ಟುಬಂದಳು. ಒಂದು ಮಾತಿಲ್ಲ, ಸದ್ದಿಲ್ಲ. ಆಮೇಲೆ ನಲ್ಲಿಯ ಪಕ್ಕ ನಿಂತು, ಸೆರಗು ಬಿಗಿದು, ಕೂಗಲು ಶುರುಮಾಡಿದಳು. ಕೂಗಿನಿಂದಲೇ ಸಾಲು ನಿಲ್ಲುತ್ತಿತ್ತು, ಸಾಲಿನಿಂದಲೇ ಏಳು ಮನೆಗೂ ನೀರು ಮುಟ್ಟುತ್ತಿತ್ತು. ಪಂಕಜಾ ಹತ್ತು ದಿನ ನೋಡಿದಳು. ಹತ್ತು ದಿನವೂ ಹೀಗೆಯೇ.

ಹಾಗಂತ ಗಂಗಲಕ್ಷ್ಮಮ್ಮ ದೇವತೆಯೇನಲ್ಲ. ಪಾಳಿ ಮುಗಿದ ಮೇಲೂ ತನಗೊಂದು ಬಿಂದಿಗೆ ಹೆಚ್ಚಿಗೆ ಹಿಡಿದು, ಯಾರೂ ನೋಡುತ್ತಿಲ್ಲ ಅಂತ ಒಳಗೆ ಸಾಗಿಸುತ್ತಿದ್ದಳು. ಪಂಕಜಾ ಅದನ್ನೂ ನೋಡಿದಳು. ಎರಡನ್ನೂ ಬರೆದಳು. ಹೊಸ ಹಾಳೆ, ಮೊದಲಿನಿಂದ. ಹೆಸರು 'ನಲ್ಲಿ ಪಾಳಿ' ಅಂತಾಯಿತು. ಬರೆದು ಮುಗಿಸಿದಾಗ ಯುಗಾದಿಗೆ ಒಂದು ತಿಂಗಳು ಉಳಿದಿತ್ತು. ನೇರ ಪತ್ರಿಕೆಗೆ ಕಳಿಸುವುದು ಜಾಣತನ. ಆದರೆ ಪೆನ್ಸಿಲಮ್ಮ ನೋಡದೆ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಲೈಬ್ರರಿಗೆ ಕೊಟ್ಟಳು.

ಅದಾಗಿ ನಾಲ್ಕನೇ ದಿನ ಕಾರ್ಖಾನೆಯಲ್ಲಿ ಹನ್ನೊಂದಕ್ಕೇ ಕರೆಂಟು ಹೋಯಿತು, ಸಂಜೆಯವರೆಗೂ ಬರುವುದಿಲ್ಲ ಅಂದರು. ಎಲ್ಲರನ್ನೂ ಮನೆಗೆ ಕಳಿಸಿದರು. ಮಟಮಟ ಮಧ್ಯಾಹ್ನದಲ್ಲಿ ಪಂಕಜಾ ವಠಾರದ ಬಾಗಿಲು ದಾಟಿದಳು. ಹೆಂಗಸರೆಲ್ಲ ಒಳಗಿದ್ದರು, ಅಂಗಳ ಖಾಲಿ. ಮುಂದಿನ ಮನೆಯ ಅರೆತೆರೆದ ಬಾಗಿಲಿನಿಂದ ಒಂದು ದನಿ ಕೇಳಿಸುತ್ತಿತ್ತು. ಯಾವ ದನಿ ಬೆಳಗ್ಗೆ ವಠಾರವನ್ನು ಎಬ್ಬಿಸುತ್ತಿತ್ತೋ ಅದೇ ದನಿ, ಈಗ ತಗ್ಗಿ, ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಓದುತ್ತಿತ್ತು.

"'ಅವಳ ಕೂಗಿಗೆ ವಠಾರ ಎದ್ದು ಕೂರುವ ಮೊದಲೇ ಎರಡು ಬಿಂದಿಗೆ ನೀರು ಕೊನೆಯ ಮನೆಯ ಹೊಸಲು ಮುಟ್ಟಿರುತ್ತಿತ್ತು. ಕೊಟ್ಟವಳು ಹೇಳಲಿಲ್ಲ, ಪಡೆದವಳೂ ಹೇಳಲಿಲ್ಲ.'"

ಪಂಕಜಾ ಅಲ್ಲೇ ನಿಂತುಬಿಟ್ಟಳು. ಅದು ಅವಳ ವಾಕ್ಯ. ಆ ಬಾಯಲ್ಲಿ!

"ಯಾಕೆ ನಿಲ್ಲಿಸ್ದೆ? ಓದು ಗಂಗೂ," ಅಂದ ಒಳಗಿನಿಂದ ದೊಡ್ಡಣ್ಣ. "ನನಗೆ ಕಣ್ಣು ಕಂಡಿದ್ರೆ ನಾನೇ ಓದ್ಕೋತಿದ್ದೆ. ಈ ಪೊರೆ ಬಂದು ಎರಡು ವರ್ಷ ಆಯ್ತು, ಅಕ್ಷರ ಅನ್ನೋದೆಲ್ಲ ಇರುವೆ ಸಾಲು."

"ಮೆಲ್ಲಗೆ ಮಾತಾಡ್ರೀ, ವಠಾರಕ್ಕೆಲ್ಲ ಕೇಳ್ಬೇಕಾ?"

ಮತ್ತೆ ಓದು ಶುರುವಾಯಿತು. ಮುಂದೆ ಏನು ಬರುತ್ತದೆ ಅಂತ ಪಂಕಜಾಳಿಗೆ ಗೊತ್ತಿತ್ತು. ಓಡಿಹೋಗಿ ಪುಸ್ತಕ ಕಿತ್ತುಕೊಳ್ಳಬೇಕು ಅನ್ನಿಸಿತು.

"'ಹಾಗಂತ ಅವಳೇನು ದೇವತೆಯಲ್ಲ. ಪಾಳಿ ಮುಗಿದ ಮೇಲೂ ಒಂದು ಬಿಂದಿಗೆ ಹೆಚ್ಚಿಗೆ ಹಿಡಿದು ಸೆರಗಿನ ಮರೆಯಲ್ಲಿ...'"

ಓದು ನಿಂತಿತು. ಅಂಗಳದಲ್ಲಿ ಒಂದು ಕಾಗೆ ನಲ್ಲಿಯ ಬಾಯಿಂದ ತೊಟ್ಟಿಕ್ಕುವ ನೀರು ಕುಡಿಯುತ್ತಿತ್ತು.

"ಒಂದಲ್ಲ," ಅಂದಳು ಗಂಗಲಕ್ಷ್ಮಮ್ಮ. "ಎರಡು. ಇವಳು ಸರಿಯಾಗಿ ನೋಡಿಲ್ಲ."

ದೊಡ್ಡಣ್ಣ ಗಹಗಹಿಸಿ ನಕ್ಕ. ಅವಳೂ ನಕ್ಕಳು, ನಕ್ಕು ನಕ್ಕು ಕೆಮ್ಮಿದಳು. ಅಷ್ಟರಲ್ಲಿ ಒಳಗಿನಿಂದ ಸೀದ ವಾಸನೆ ದಟ್ಟವಾಗಿ ಬಂತು. "ಅಯ್ಯಯ್ಯೋ, ನನ್ ಹುಳಿ!" ಅಂತ ಅವಳು ಎದ್ದು ಓಡಿದ ಸದ್ದು, ಪಾತ್ರೆ ಬಿದ್ದ ಸದ್ದು. ಪಂಕಜಾ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳಿಯ ಹಾಗೆ ಮನೆ ಸೇರಿದಳು. ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾಚಿಕೆಗೆ ಅತ್ತಳು, ಸಂತೋಷಕ್ಕೂ ಅತ್ತಳು. ಮೂರು ತಿಂಗಳಿಂದ ತನಗೆ ಕಲಿಸಿದ ಪೆನ್ಸಿಲಮ್ಮ ಹತ್ತು ಹೆಜ್ಜೆ ಆಚೆಗೆ, ಒಲೆಯ ಮುಂದೆ ಇದ್ದಳು. 'ನಲ್ಲಿ ರಾಣಿ'ಯನ್ನು ತನ್ನದೇ ಬಾಯಿಂದ ಗಂಡನಿಗೆ ಓದಿ ಹೇಳಿದ್ದಳು. ಗಂಡ ನಕ್ಕಾಗ ತಾನು ನಗದೆ, ಬೈಯದೆ, ಒಂದೇ ಒಂದು ಪ್ರಶ್ನೆ ಬರೆದು ಸುಮ್ಮನಾಗಿದ್ದಳು.

ಪುಸ್ತಕ ಲೈಬ್ರರಿಗೆ ಬಂದಾಗ ಕೊನೆಯ ಹಾಳೆಯ ಎದುರು ಆ ಗುಂಡಗಿನ ಅಕ್ಷರಗಳಿದ್ದವು. 'ಮನೆಯವರು ಮಲಗಲೇ ಇಲ್ಲ. ಹುಳಿ ಸೀದು ಹೋಯಿತು. ಒಂದು ತಿದ್ದುಪಡಿ: ಬಿಂದಿಗೆ ಒಂದಲ್ಲ, ಎರಡು. ಇದನ್ನು ಧೈರ್ಯವಾಗಿ ಅಚ್ಚಿಗೆ ಕಳಿಸಬಹುದು.'

ಪಂಕಜಾ ಅಂದೇ ಪ್ರತಿ ಮಾಡಲು ಕೂತಳು. ಬಿಂದಿಗೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎರಡು ಅನ್ನುವುದು ಗಂಗಲಕ್ಷ್ಮಮ್ಮ ಬರೆದವಳಿಗೆ ಅಂತಲೇ ಪೆನ್ಸಿಲಿನಲ್ಲಿ ಹೇಳಿಕೊಂಡದ್ದು. ಅದನ್ನು ರಾಜ್ಯಕ್ಕೆಲ್ಲ ಸಾರುವುದು ಬೇಡ ಅನ್ನಿಸಿತು. 'ಒಂದು ಬಿಂದಿಗೆ' ಅಂತಲೇ ಬರೆದಳು. ತನ್ನ ಗುರುವಿನ ತಿದ್ದುಪಡಿಯನ್ನು ಅವಳು ಮೀರಿದ್ದು ಅದೊಂದೇ ಸಲ.

ಯುಗಾದಿಗೆ ಮೂರು ದಿನ ಇರುವಾಗ ಕಾರ್ಡು ಬಂತು. ನಿಮ್ಮ ಕಥೆಯನ್ನು ಸ್ವೀಕರಿಸಿದ್ದೇವೆ, ಅಂತ ಎರಡೇ ಸಾಲು. ಇಂದ್ರಮ್ಮ ಕಾರ್ಡನ್ನು ದೇವರ ಮುಂದಿಟ್ಟು, ಮಗಳ ನೆಟಿಗೆ ಮುರಿದು, ಸಂಜೆಗೆ ಒಂದು ದಸ್ತಾ ಬಿಳೀ ಹಾಳೆ ತಂದು ಕೊಟ್ಟಳು. "ಒಂದೇ ಮಗ್ಗುಲಲ್ಲಿ ಬರೀಬೇಕಂತೆ, ಶಂಭುಲಿಂಗಪ್ಪೋರು ಹೇಳಿದ್ರು. ಏನ್ ದುಂದಪ್ಪಾ!" ಅಂತ ಗೊಣಗಿದಳು. ಅವಳ ಕಣ್ಣು ಒದ್ದೆಯಾಗಿತ್ತು.

ಕಥೆ ಅಚ್ಚಾದದ್ದು ಮೇ ತಿಂಗಳಲ್ಲಿ. ಎರಡು ಪ್ರತಿ ಕೊಂಡು ಒಂದನ್ನು ಶಂಭುಲಿಂಗಪ್ಪನವರ ಕೈಗಿಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಇನ್ನೊಂದನ್ನು ಹಿಡಿದು ಸಂಜೆ ಮುಂದಿನ ಮನೆಯ ಬಾಗಿಲಲ್ಲಿ ನಿಂತಳು. ಏನೇನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಗಂಗಲಕ್ಷ್ಮಮ್ಮನ ಮುಖ ಕಂಡದ್ದೇ ಎಲ್ಲ ಮರೆತುಹೋಯಿತು. "ಇದು... ನೀವು ಓದಿ," ಅಂತ ಪತ್ರಿಕೆಯನ್ನು ಅವಳ ಕೈಗೆ ತುರುಕಿ ಓಡಿಬಂದಳು. ಕಥೆ ಬರೆಯುವವರಿಗೆ ಮಾತು ಬರುತ್ತದೆ ಅಂತ ಹೇಳಿದವರು ಯಾರೋ!

ಮರುದಿನ ಬೆಳಿಗ್ಗೆ ಪಂಕಜಾ ಬಿಂದಿಗೆ ಹಿಡಿದು ಬರುವ ಹೊತ್ತಿಗೆ ಸಾಲು ನಿಂತಿತ್ತು, ಕೂಗು ನಡೆದಿತ್ತು. ಅವಳ ಪಾಳಿ ಮುಗಿಯಿತು. ಕೊನೆಯವಳಾಗಿ ಗಂಗಲಕ್ಷ್ಮಮ್ಮ ತನ್ನ ಹೆಚ್ಚಿನ ಬಿಂದಿಗೆ ಹಿಡಿದು, ಆಮೇಲೆ ಇನ್ನೊಂದನ್ನೂ ನಲ್ಲಿಯ ಕೆಳಗಿಟ್ಟಳು. ಈ ಸಲ ಸೆರಗಿನ ಮರೆಯಿರಲಿಲ್ಲ. ತುಂಬಿದ ಮೇಲೆ ಎತ್ತಿ ತಂದು ಪಂಕಜಾಳ ಮನೆಯ ಹೊಸಲ ಮೇಲೆ ಕುಕ್ಕಿದಳು.

"ತಗೋ. ಇನ್ಮೇಲೆ ಇದು ನಿಂದು."

"ಯಾಕೆ ಗಂಗಲಕ್ಷ್ಮಮ್ನೋರೇ?"

"ಯಾಕೆ ಅಂತ ಬೇರೆ ಕೇಳ್ತೀಯಾ? ಅಷ್ಟು ಬರ್ದು ಹೇಳಿದ್ರೂ ನೀನು ಒಂದು ಅಂತ ಅಚ್ಚು ಹಾಕ್ಸಿದೀಯ. ರಾತ್ರಿ ನಮ್ಮನೆಯವ್ರು ಮೂರು ಸಲ ಓದಿಸಿದ್ರು, ಮೂರು ಸಲಾನೂ ಒಂದೇ! ಅಚ್ಚಾಗಿರೋದನ್ನ ಸುಳ್ಳು ಮಾಡೋಕಾಗ್ತದಾ? ಇನ್ಮೇಲೆ ನಾನು ಒಂದೇ ಹಿಡೀಬೇಕು."

"ಬರೆದೋಳು ನಾನು ಅಂತ ನಿಮಗೆ ಯಾವಾಗ್ಲಿಂದ ಗೊತ್ತು?"

"ನಲ್ಲಿ ಕಡೆ ಇರೋ ಕಿಟಕಿ ನಿಂದೊಂದೇ ಕಣೇ, ಪೆದ್ದಿ."

ಪಂಕಜಾ ಬಗ್ಗಿ ಅವಳ ಒದ್ದೆ ಪಾದ ಮುಟ್ಟಿದಳು. "ನೀವಿಲ್ದಿದ್ರೆ ನಂಗೆ ಬರೆಯೋಕೆ ಬರ್ತಿರ್ಲಿಲ್ಲ. ಸತ್ಯವಾಗ್ಲೂ," ಅಂದಳು. ಅಂದಮೇಲೆ ಅಳು ತಡೆಯಲಾಗಲಿಲ್ಲ.

ಗಂಗಲಕ್ಷ್ಮಮ್ಮ ಸೆರಗಿನಿಂದ ಅವಳ ಮುಖ ಒರಸಿದಳು. ಒರಸಿದ್ದೂ ಗದರಿಸಿದ ಹಾಗೆಯೇ ಇತ್ತು. "ಏಳು, ಏಳು, ಸಾಕು. ಅಳೋದು ಆಮೇಲೆ ಇಟ್ಕೋ. ಈ ನೀರು ಒಳಗಿಟ್ಟು ಬಿಂದಿಗೆ ವಾಪಸ್ ಕೊಡು. ಹಾಂ, ಮಧ್ಯಾಹ್ನಕ್ಕೆ ಓದೋಕೆ ಏನೂ ಇಲ್ಲ ನಮ್ಮನೇಲಿ. ಮುಂದಿನ್ದು ಯಾವಾಗ ಬರೀತೀಯ?"